ಕಾನೂನು ಕೇಳಿ: ಜೈಲಿಂದ ಹೊರಗೆ ಬಂದ ಅಂದರೆ ಗೆದ್ದ ಅಂತಲ್ಲ

ಪ್ರಶ್ನೆ: ಮೇಡಂ, ನಾವು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವರು. 2021ರಲ್ಲಿ ನನ್ನ ಮಗಳು ಡಿಗ್ರಿ ಓದುತ್ತಿದ್ದಳು. ಒಂದು ಸಂಜೆ ಹಸುವಿಗೆ ಹುಲ್ಲು ತರಲು ಹೋದಾಗ ನಮ್ಮೂರಿನವನೇ ಒಬ್ಬ ನಾಲೆ ಏರಿ ಮೇಲೆ ಕಾದಿದ್ದು, ಬಾಯಿ ಮುಚ್ಚಿ ಕಬ್ಬಿನ ಗದ್ದೆಯೊಳಕ್ಕೆ ಎಳೆದುಕೊಂಡು ಹೋದ. ಕೆಡವಿ ಬಟ್ಟೆ ಹರಿದ. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂದ ಸದ್ದಾಗಿ ಓಡಿಹೋದ. ಮಂಡ್ಯದ ಸೆಷನ್ಸ್ ಕೋರ್ಟು ಅತ್ಯಾಚಾರದ ಯತ್ನ ಎಂದು 5 ವರ್ಷ ಶಿಕ್ಷೆ ಕೊಟ್ಟಿತು. ಈಗ ಅವನು ಹೈಕೋರ್ಟಿಗೆ ಹೋಗಿ ಹೊರಗೆ ಬಂದಿದ್ದಾನೆ. ಊರ ಬಾಗಿಲಲ್ಲಿ ಪಟಾಕಿ ಹೊಡೆದು ‘ಕೇಸ್ ಬಿದ್ದೋಯ್ತು’ ಅಂತ ಸಾರಿದರು. ಅವನ ದೊಡ್ಡಪ್ಪ ಮನೆಗೇ ಬಂದು, ‘ಏನೂ ಆಗಿಲ್ವಲ್ಲ, ಬರೀ ತಯಾರಿ ಅಷ್ಟೇ ಅಂತ ನಮ್ಮ ಲಾಯರ್ ಹೇಳಿದಾರೆ. ಒಂದು ಅಫಿಡವಿಟ್‌ಗೆ ಮಗಳ ಸೈನ್ ಹಾಕಿಸಿ, ಮದುವೆ ಖರ್ಚು ನಾವು ನೋಡ್ಕೋತೀವಿ’ ಎಂದರು. ಸೈನ್ ಹಾಕದಿದ್ದರೆ ಊರಲ್ಲಿ ಬಾಳೋದು ಕಷ್ಟ ಅಂತಾನೂ ಅಂದರು. ಮಗಳು, ‘ಇನ್ನೊಂದ್ ಸಲ ಅದನ್ನೆಲ್ಲ ಕೋರ್ಟಲ್ಲಿ ಹೇಳಕ್ಕಾಗಲ್ಲ ಕಣವ್ವ’ ಅಂತಾಳೆ. ಏನು ಮಾಡಲಿ?

ಉತ್ತರ: ತಾಯಿ, ಮೊದಲು ಪಟಾಕಿ ವಿಷಯ ಮುಗಿಸೋಣ. ಕೇಸು ಬಿದ್ದಿಲ್ಲ. ಅವನು ಇವತ್ತಿಗೂ ಅಪರಾಧಿಯೇ. ಹೈಕೋರ್ಟು ಮಾಡಿರುವುದು ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟು ಜಾಮೀನು ಕೊಟ್ಟಿರುವುದು, ಅಷ್ಟೇ. ಅಪೀಲು ತೀರ್ಮಾನ ಆಗುವವರೆಗೆ ಹೊರಗಿರು ಎಂದು. ಅಪೀಲು ವಜಾ ಆದರೆ ಉಳಿದ ಶಿಕ್ಷೆ ಅನುಭವಿಸಲು ವಾಪಸ್ ಜೈಲಿಗೆ ಹೋಗಬೇಕು.

ಹಾಗಾದರೆ ಯಾಕೆ ಬಿಟ್ಟರು ಅಂತ ಹೊಟ್ಟೆ ಉರಿಯುತ್ತದೆ, ಅಲ್ವಾ? ಹೈಕೋರ್ಟಿನಲ್ಲಿ ಕ್ರಿಮಿನಲ್ ಅಪೀಲುಗಳು ವರ್ಷಗಟ್ಟಲೆ ಕಾಯುತ್ತವೆ. 5 ವರ್ಷದ ಶಿಕ್ಷೆಯಾದವನು ಅಪೀಲು ವಿಚಾರಣೆಗೆ ಬರುವಷ್ಟರಲ್ಲಿ ಪೂರ್ತಿ ಶಿಕ್ಷೆ ಮುಗಿಸಿರಬಹುದು. ಆಮೇಲೆ ಗೆದ್ದರೂ ಪ್ರಯೋಜನವಿಲ್ಲ. ಅದಕ್ಕೇ ಇಷ್ಟೇ ವರ್ಷ ಎಂದು ನಿಗದಿಯಾದ ಶಿಕ್ಷೆಗಳಲ್ಲಿ ಇಂಥ ಕೋರಿಕೆಯನ್ನು ಉದಾರವಾಗಿ ನೋಡಬೇಕೆಂದು ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ. ನಿಮ್ಮ ಮಗಳ ಮಾತನ್ನು ಹೈಕೋರ್ಟು ನಂಬಲಿಲ್ಲ ಅನ್ನುವ ಅರ್ಥ ಇದರಲ್ಲಿ ಇಲ್ಲವೇ ಇಲ್ಲ. ಅವಳಿಗೆ ಇದನ್ನು ಇವತ್ತೇ ಹೇಳಿ.

ಇನ್ನೊಂದನ್ನೂ ಹೇಳಿ. ಅವಳು ಮತ್ತೆ ಕಟಕಟೆ ಹತ್ತಬೇಕಾಗಿಲ್ಲ. ಅಪೀಲು ನಡೆಯುವುದು ಕಾಗದದ ಮೇಲೆ. ಮಂಡ್ಯದ ಕೋರ್ಟಿನಿಂದ ಕಡತ ಬೆಂಗಳೂರಿಗೆ ಹೋಗುತ್ತದೆ. ಅವಳು ಹೇಳಿದ ಸಾಕ್ಷಿ, ಪಾಟಿ ಸವಾಲಿಗೆ ಕೊಟ್ಟ ಉತ್ತರ, ಡಾಕ್ಟರ ಹೇಳಿಕೆ, ಮಹಜರು, ಎಲ್ಲವೂ ಅದರಲ್ಲಿರುತ್ತವೆ. ಎರಡೂ ಕಡೆಯ ವಕೀಲರು ಅದನ್ನಿಟ್ಟುಕೊಂಡು ವಾದ ಮಾಡುತ್ತಾರೆ. ಹೊಸ ಸಾಕ್ಷಿ ತೆಗೆದುಕೊಳ್ಳುವ ಅಧಿಕಾರ ಹೈಕೋರ್ಟಿಗೆ ಇದೆ, ಆದರೆ ಅದನ್ನು ಬಳಸುವುದು ಅಪರೂಪ. ಮರುವಿಚಾರಣೆಗೆ ಕಳಿಸುವುದು ಇನ್ನೂ ಅಪರೂಪ.

ಈಗ ಆ ‘ಬರೀ ತಯಾರಿ’ ಅನ್ನುವ ವಾದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅವನ ಅಪೀಲು ನಿಂತಿರುವುದೇ ಇದರ ಮೇಲೆ. ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೆ ಕಾನೂನು ಶಿಕ್ಷೆ ಕೊಡುವುದಿಲ್ಲ. ತಯಾರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ತಯಾರಿ ದಾಟಿ ಕೆಲಸಕ್ಕೆ ಕೈ ಹಾಕಿದರೆ ಅದು ಯತ್ನ. ನಿಮ್ಮ ಪತ್ರದಲ್ಲಿರುವುದನ್ನೇ ನೋಡಿ. ಅವನು ನಾಲೆ ಏರಿ ಮೇಲೆ ಕಾದು ಕೂತಿದ್ದು ತಯಾರಿ. ಅವಳು ಬೇರೆ ದಾರಿಯಲ್ಲಿ ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಬಾಯಿ ಮುಚ್ಚಿ ಎಳೆದಿದ್ದು, ಯಾರಿಗೂ ಕಾಣದ ಕಡೆ ಕೆಡವಿದ್ದು, ಬಟ್ಟೆ ಹರಿದಿದ್ದು ಇದ್ಯಾವುದೂ ತಯಾರಿ ಅಲ್ಲ. ಟ್ರ್ಯಾಕ್ಟರ್ ಬಾರದಿದ್ದರೆ ಮುಂದೇನಾಗುತ್ತಿತ್ತು ಅಂತ ಜಡ್ಜು ಕೇಳಿಕೊಳ್ಳುತ್ತಾರೆ. ಹೊರಗಿನ ಕಾರಣಕ್ಕೆ ನಿಂತಿದ್ದನ್ನು ತನ್ನ ಒಳ್ಳೇತನ ಅಂತ ತೋರಿಸಿಕೊಳ್ಳಲು ಅವನಿಗೆ ಬರುವುದಿಲ್ಲ.

ಇದು ನನ್ನ ಸ್ವಂತ ಮಾತಲ್ಲ. ಮಧ್ಯಪ್ರದೇಶದ ಒಂದು ಕೇಸಿನಲ್ಲಿ ಒಬ್ಬ ಇಬ್ಬರು ಪುಟ್ಟ ಹುಡುಗಿಯರನ್ನು ಮನೆಯೊಳಗೆ ಕರೆದು, ಬಾಗಿಲು ಹಾಕಿ, ಬಟ್ಟೆ ಬಿಚ್ಚಿದ್ದ. ಮಕ್ಕಳು ಅತ್ತಾಗ ಬಿಟ್ಟಿದ್ದ. ಕೆಳಗಿನ ಕೋರ್ಟು ಯತ್ನ ಎಂದು 5 ವರ್ಷ ಕೊಟ್ಟರೆ, ಹೈಕೋರ್ಟು ಯತ್ನ ಅಲ್ಲ, ಐಪಿಸಿಯ 354ನೇ ಕಲಂ, ಅಂದರೆ ಹೆಣ್ಣಿನ ಮಾನಕ್ಕೆ ಕುಂದು ತರುವ ಹಲ್ಲೆ ಮಾತ್ರ ಎಂದು ಇಳಿಸಿತು. ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲಿ ಅದನ್ನು ತಿರುಗಿಸಿ, ತಯಾರಿಯ ಗೆರೆ ದಾಟಿಯಾಗಿದೆ ಎಂದು 5 ವರ್ಷವನ್ನೇ ಎತ್ತಿಹಿಡಿಯಿತು. 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಒಂದು ಆದೇಶ ಟಿವಿಯಲ್ಲೆಲ್ಲ ಬಂತಲ್ಲ, ಹುಡುಗಿಯ ಪೈಜಾಮದ ಲಾಡಿ ಕಿತ್ತು ಮೋರಿ ಕೆಳಗೆ ಎಳೆಯಲು ನೋಡಿದ್ದು ಯತ್ನ ಆಗುವುದಿಲ್ಲ ಎಂದು? ದೊಡ್ಡಪ್ಪನವರ ಲಾಯರ್ ಅದನ್ನೇ ಓದಿಕೊಂಡಿರಬಹುದು. ಅದೇ ತಿಂಗಳು ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಕೈಗೆತ್ತಿಕೊಂಡು ಆ ಮಾತುಗಳಿಗೆ ತಡೆ ಕೊಟ್ಟಿದ್ದನ್ನು ಅವರು ಓದಿದ ಹಾಗೆ ಕಾಣುವುದಿಲ್ಲ.

ಆದರೂ ನಿಮಗೆ ಸುಮ್ನೆ ಧೈರ್ಯ ತುಂಬಿ ಕಳಿಸಲಾರೆ. ಹೈಕೋರ್ಟು ಸಾಕ್ಷಿಯನ್ನೆಲ್ಲ ಮತ್ತೆ ತೂಗಿ ನೋಡುತ್ತದೆ. ಶಿಕ್ಷೆ ಖಾಯಂ ಮಾಡಬಹುದು. ಯತ್ನ ಸಾಬೀತಾಗಿಲ್ಲ, ಬಟ್ಟೆ ಹರಿದದ್ದು ಸಾಬೀತಾಗಿದೆ ಎಂದು ಐಪಿಸಿ 354ಬಿಗೆ, ಅಂದರೆ ಬಟ್ಟೆ ಬಿಚ್ಚಿಸಲು ಮಾಡಿದ ಹಲ್ಲೆಗೆ ಇಳಿಸಬಹುದು. ಅದಕ್ಕೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲಿದೆ. ಬಿಡುಗಡೆ ಮಾಡಲೂಬಹುದು. ಘಟನೆ 2021ರದ್ದಾದ್ದರಿಂದ ಅಪರಾಧಕ್ಕೆ ಹಳೆಯ ಐಪಿಸಿಯೇ ಲೆಕ್ಕ, 2024ರ ಜುಲೈ 1ಕ್ಕೆ ಜಾರಿಯಾದ ಹೊಸ ಭಾರತೀಯ ನ್ಯಾಯ ಸಂಹಿತೆ ಅಲ್ಲ. ಮೈಮೇಲೆ ಗಾಯ ಇರಲಿಲ್ಲ ಎಂದೋ, ಬೇರೆ ಕಣ್ಣಾರೆ ಕಂಡ ಸಾಕ್ಷಿ ಇಲ್ಲ ಎಂದೋ ಅವರು ವಾದಿಸಿದರೆ ಹೆದರಬೇಡಿ. ಹೆಣ್ಣುಮಗಳ ಮಾತು ನಂಬುವಂತಿದ್ದರೆ ಅದೊಂದೇ ಸಾಕು ಎಂದು ಸುಪ್ರೀಂ ಕೋರ್ಟು 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಫಿಡವಿಟ್ಟಿಗೆ ಬರೋಣ. ಸೈನ್ ಬೇಡ. ಖಾಲಿ ಛಾಪಾ ಕಾಗದಕ್ಕಂತೂ ಬೇಡವೇ ಬೇಡ. ಇದು ರಾಜಿ ಮಾಡಿಕೊಳ್ಳುವ ಅಪರಾಧವೇ ಅಲ್ಲ. ಅತ್ಯಾಚಾರ ಅಥವಾ ಅದರ ಯತ್ನದ ಕೇಸಿನಲ್ಲಿ ರಾಜಿ ಎಂಬ ಯೋಚನೆಯೇ ಸಲ್ಲದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಮದನ್‌ಲಾಲ್ ಕೇಸಿನಲ್ಲಿ ಬರೆದಿದೆ. ನಿಮಗೆ ಬರುವ ಅಪಾಯ ಬೇರೆ ಇದೆ. ಪ್ರಮಾಣ ಮಾಡಿ ಕೋರ್ಟಿನಲ್ಲಿ ಹೇಳಿದ್ದನ್ನು ಈಗ ಸುಳ್ಳು ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ, ಸುಳ್ಳು ಸಾಕ್ಷಿ ಹೇಳಿದ ಆರೋಪ ನಿಮ್ಮ ಮಗಳ ತಲೆಗೇ ಸುತ್ತಿಕೊಳ್ಳಬಹುದು. ಮದುವೆ ಖರ್ಚು ಕೊಡುತ್ತೇನೆ ಅನ್ನುವವರು ಆಗ ಜೊತೆಗೆ ಬರುವುದಿಲ್ಲ.

ಊರಲ್ಲಿ ಬಾಳೋದು ಕಷ್ಟ ಅಂದರಲ್ಲ, ಅದು ಬೆದರಿಕೆ. ಯಾವ ದಿನ, ಎಷ್ಟು ಹೊತ್ತಿಗೆ ಬಂದರು, ಯಾರು ಯಾರಿದ್ದರು, ಏನಂದರು ಅಂತ ಅವರ ಮಾತಿನಲ್ಲೇ ಬರೆದಿಡಿ. ಫೋನಿನಲ್ಲಿ ಬಂದಿದ್ದರೆ ಅಳಿಸಬೇಡಿ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ‘ಊರಿನೋರೇ ಅಲ್ವಾ, ಮಾತಾಡ್ಕೊಳಿ’ ಅಂದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಅದರ ಪ್ರತಿ ಹೈಕೋರ್ಟಿನ ಸರ್ಕಾರಿ ಅಭಿಯೋಜಕರ (ಸರ್ಕಾರಿ ವಕೀಲರ) ಕಚೇರಿಗೂ ಹೋಗಲಿ. ಜಾಮೀನಿನ ಮೇಲೆ ಬಂದವನ ಕಡೆಯವರು ಹೀಗೆ ಮಾಡುತ್ತಿದ್ದರೆ ಆ ಜಾಮೀನು ರದ್ದು ಮಾಡಿ ಎಂದು ಈ ಅಭಿಯೋಜಕರು ಅರ್ಜಿ ಹಾಕಬಹುದು. ತೀರಾ ಭಯವಿದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ರಕ್ಷಣೆ ಕೇಳಬಹುದು. ಜಿಲ್ಲಾ ನ್ಯಾಯಾಧೀಶರ ಮುಂದಾಳತ್ವದ ಸಮಿತಿ ಅದನ್ನು ನೋಡುತ್ತದೆ.

ಇದೆಲ್ಲಕ್ಕೂ ಹೈಕೋರ್ಟಿನಲ್ಲಿ ನಿಮ್ಮ ಕಡೆಯಿಂದ ಒಬ್ಬರು ವಕೀಲರಿದ್ದರೆ ಒಳ್ಳೆಯದು. ಸರ್ಕಾರಿ ವಕೀಲರು ಇದ್ದೇ ಇರುತ್ತಾರೆ, ಆದರೆ ಅವರ ಮುಂದೆ ದಿನಕ್ಕೆ ಎಷ್ಟು ಫೈಲು ಇರುತ್ತವೆ ಅಂತ ನೋಡಿದವಳು ನಾನು. ನೊಂದವರಿಗೆ ಪ್ರತಿ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದುಡ್ಡಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಮಂಡ್ಯದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಪರಿಹಾರ ಸಿಕ್ಕಿಲ್ಲದಿದ್ದರೆ ಅದರ ಅರ್ಜಿಯೂ ಅಲ್ಲೇ. ಆದರೆ 5 ವರ್ಷ ಕಡಿಮೆಯಾಯಿತು ಅನ್ನಿಸಿದರೆ ನೀವೇ ಅಪೀಲು ಹಾಕಲು ಬರುವುದಿಲ್ಲ. ಶಿಕ್ಷೆ ಜಾಸ್ತಿ ಮಾಡಿ ಎಂದು ಕೇಳಬೇಕಾದದ್ದು ಸರ್ಕಾರ.

ಅಪೀಲಿನ ಸಿಎನ್‌ಆರ್ ನಂಬರು (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಇಸಿದುಕೊಂಡು ಮಗಳ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಸಿ. ಮುಂದಿನ ತಾರೀಖು ಯಾವಾಗ, ಏನು ಆದೇಶ ಆಯಿತು ಅಂತ ನಿಮಗೇ ಕಾಣುತ್ತದೆ. ಆಮೇಲೆ ಊರಲ್ಲಿ ಯಾರು ಎಷ್ಟು ಪಟಾಕಿ ಹೊಡೆದರೂ ನೀವು ಅವರ ಬಾಯಿ ನೋಡಬೇಕಾಗಿಲ್ಲ.

ಪ್ರಶ್ನೆ: ನನ್ನ ತಮ್ಮ ಇದೇ ರೀತಿಯ ಕೇಸಿನಲ್ಲಿ ಶಿಕ್ಷೆಯಾಗಿ ಮೈಸೂರು ಜೈಲಿನಲ್ಲಿದ್ದಾನೆ. ಅವನು ತಾನು ಮಾಡಿಲ್ಲ ಅಂತಾನೆ. ಅಪೀಲಿಗೆ 60 ದಿನ ಅಂತೆ, ಅದು ದಾಟಿಹೋಗಿದೆ. ವಕೀಲರಿಗೆ ಕೊಡಲು ನಮ್ಮ ಹತ್ತಿರ ಹಣವಿಲ್ಲ. ದಾರಿ ಇದೆಯಾ?
– ನಂಜನಗೂಡಿನ ಓದುಗರು

ಉತ್ತರ: ಈ ಪತ್ರ ಬಿಟ್ಟುಬಿಡಿ ಮೇಡಂ ಅಂದಳು ನನ್ನ ಜೂನಿಯರ್. ಬಿಡುವುದಿಲ್ಲ. ಶಿಕ್ಷೆಯಾದ ಯಾರಿಗಾದರೂ ಮೇಲಿನ ಕೋರ್ಟು ಒಮ್ಮೆ ನೋಡಲಿ ಎಂದು ಕೇಳುವ ಹಕ್ಕಿದೆ. ಅದಿಲ್ಲದಿದ್ದರೆ ಮೇಲಿನ ತಾಯಿಗೆ ಸಿಕ್ಕ ತೀರ್ಪಿಗೂ ಬೆಲೆ ಇರುವುದಿಲ್ಲ.

ದಾರಿ ಇದೆ. ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ ಹೌದು. ದಾಟಿದ್ದರೆ ತಡವಾದದ್ದನ್ನು ಮನ್ನಿಸಿ ಎಂದು ಕಾರಣ ಕೊಟ್ಟು ಜೊತೆಗೊಂದು ಅರ್ಜಿ ಹಾಕಬೇಕು. ಜೈಲಿನಲ್ಲಿದ್ದವನು, ಹಣವಿಲ್ಲ ಅಂದರೆ ಕೋರ್ಟು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಇನ್ನೂ ತಡ ಮಾಡಬೇಡಿ. ಅವನು ಜೈಲಿನಿಂದಲೇ, ಜೈಲು ಅಧಿಕಾರಿಯ ಕೈಗೆ ಅಪೀಲು ಅರ್ಜಿ ಕೊಡಬಹುದು. ಅದನ್ನು ಹೈಕೋರ್ಟಿಗೆ ಕಳಿಸುವುದು ಅವರ ಹೊಣೆ. ಬಂಧನದಲ್ಲಿರುವವರಿಗೂ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಅದು ಅವನ ಹತ್ತಿರ ಇದೆಯಾ ಕೇಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ಹುಡುಗಿ ಎಂಥವಳು, ಯಾರ ಜೊತೆ ಓಡಾಡುತ್ತಿದ್ದಳು ಎಂದು ಅಪೀಲಿನಲ್ಲಿ ಬರೆಸಬೇಡಿ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ, ಓದುವ ಜಡ್ಜಿಗೆ ಬೇಸರ ಬೇರೆ. ಗುರುತು ಹಿಡಿದದ್ದರಲ್ಲಿ ತಪ್ಪಿದೆಯಾ, ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ಮುಖ್ಯ ಸಂಗತಿಯಲ್ಲೇ ವ್ಯತ್ಯಾಸ ಇದೆಯಾ, ಅದನ್ನು ವಕೀಲರು ನೋಡಲಿ. ನೀವು ಅವರ ಮನೆ ಕಡೆ ತಲೆ ಹಾಕಬೇಡಿ, ನೆಂಟರನ್ನು ಕಳಿಸಲೂಬೇಡಿ. ಮುಂದಿನ ಸಲ ತಮ್ಮನನ್ನು ನೋಡಲು ಹೋದಾಗ, ಜೈಲಿಗೆ ಪ್ರಾಧಿಕಾರದ ವಕೀಲರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ, ಆ ದಿನ ಅವರ ಮುಂದೆ ಹೆಸರು ಬರೆಸಲು ಅವನಿಗೆ ಹೇಳಿ ಬನ್ನಿ.