ಓದುಗರ ಪ್ರಶ್ನೆ: ಲಾಯದ ಕೋಣೆಯ ಕ್ರೂಕ್ಸ್

ಪ್ರಶ್ನೆ: ಸ್ಟೈನ್‌ಬೆಕ್‌ನ ಕಾದಂಬರಿ 'ಆಫ್ ಮೈಸ್ ಅಂಡ್ ಮೆನ್' ಓದಿದೆ. ಕುದುರೆ ಲಾಯದ ಆಳು ಕ್ರೂಕ್ಸ್ ತಾನೇ ಒಂಟಿ. ಮತ್ತೆ ಬುದ್ಧಿ ಬೆಳೆಯದ ಪಾಪದ ಲೆನ್ನಿಯನ್ನು ಯಾಕೆ ಗೋಳು ಹೊಯ್ಯುತ್ತಾನೆ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನನಗೂ ಮೊದಲು ಸಿಟ್ಟೇ ಬಂದಿತ್ತು. ಆಮೇಲೆ ಒಂದು ಲೋಟ ನೆನಪಾಯಿತು.

ಹಿಂದೆ ಮಂಗಳೂರು ಬಂದರಿನ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಘಟ್ಟದ ಮೇಲಿನಿಂದ ಬಂದ ಹಮಾಲಿ ಒಬ್ಬನಿಗೆ ಚಹಾಕ್ಕೆ ಬೇರೆ ಲೋಟ. ಕುಡಿದು, ತಾನೇ ತೊಳೆದು, ಕಿಟಕಿಯಲ್ಲಿ ಕವುಚಿ ಇಡುತ್ತಿದ್ದ. ಹೊಸ ಹುಡುಗ ಬಂದರೆ ಎಲ್ಲರಿಗಿಂತ ಜಾಸ್ತಿ ಗದರಿಸುತ್ತಿದ್ದವನೂ ಅವನೇ! (ನಾನು ಸುಮ್ನೆ ಲೆಕ್ಕ ಬರೆಯುತ್ತಿದ್ದೆ. ಅದೂ ಹೇಳಬೇಕಲ್ವಾ.)

ಕ್ರೂಕ್ಸ್ ಕಪ್ಪು ಮನುಷ್ಯ, ಕುದುರೆ ಒದ್ದು ಬೆನ್ನು ಸೊಟ್ಟಗಾಗಿದೆ. ಬೇರೆ ಆಳುಗಳು ಮಲಗುವ ಬಂಕ್‌ಹೌಸಿಗೆ ಪ್ರವೇಶವಿಲ್ಲ. ಅವನ ಕೋಣೆಯಲ್ಲಿ 1905ರ ಕ್ಯಾಲಿಫೋರ್ನಿಯಾ ಕಾನೂನು ಪುಸ್ತಕವಿದೆ, ನೋಡಿದಿರಾ? ಹಕ್ಕು ಪುಸ್ತಕದಲ್ಲಿ ಮಾತ್ರ. ಶನಿವಾರ ರಾತ್ರಿ ಉಳಿದವರೆಲ್ಲ ಪೇಟೆಗೆ ಹೋದಾಗ ಲೆನ್ನಿ ಬರುತ್ತಾನೆ. ನಿನ್ನನ್ನು ನೋಡಿಕೊಳ್ಳುವ ಗೆಳೆಯ ಜಾರ್ಜ್ ವಾಪಸ್ ಬಾರದಿದ್ದರೆ ಏನು ಮಾಡ್ತೀಯ ಅಂತ ಕ್ರೂಕ್ಸ್ ಚುಚ್ಚುತ್ತಾನೆ. ಹೆದರಿಸಲು ಅವನಿಗೂ ಒಬ್ಬ ಸಿಕ್ಕ. ಲೆನ್ನಿ ಸಿಟ್ಟಿನಿಂದ ಎದ್ದ ಕೂಡಲೇ ಸ್ವರ ಮೆತ್ತಗಾಗುತ್ತದೆ.

ಆಮೇಲೆ ಯಜಮಾನನ ಮಗ ಕರ್ಲಿಯ ಹೆಂಡತಿ. ಇಡೀ ಕಾದಂಬರಿಯಲ್ಲಿ ಅವಳಿಗೊಂದು ಹೆಸರೂ ಇಲ್ಲ, ಮಾತಾಡಿಸುವವರೂ ಇಲ್ಲ. ಆದರೂ ಕ್ರೂಕ್ಸ್ ಹೊರಗೆ ಹೋಗು ಅಂದಾಗ, ನಿನ್ನನ್ನು ಮರಕ್ಕೆ ನೇತುಹಾಕಿಸಬಲ್ಲೆ ಅನ್ನುತ್ತಾಳೆ. ಅವನು ಮುದುಡಿ ಹೋಗುತ್ತಾನೆ. ಸ್ವಲ್ಪ ಮೊದಲಷ್ಟೇ ಲೆನ್ನಿ, ಜಾರ್ಜ್ ಅವರ ಸ್ವಂತ ಜಮೀನಿನ ಕನಸಿಗೆ ತಾನೂ ಸೇರ್ತೇನೆ ಅಂದಿದ್ದವನು, ಅದು ತಮಾಷೆಗೆ ಹೇಳಿದ್ದು ಅನ್ನುತ್ತಾನೆ.

ಅಧ್ಯಾಯದ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿ. ಎಲ್ಲರೂ ಹೋದ ಮೇಲೆ ಅವನು ಒಬ್ಬನೇ ಕೂತು ಬೆನ್ನಿಗೆ ಔಷಧಿ ಉಜ್ಜಿಕೊಳ್ಳುತ್ತಾನೆ.