ಕಿಡ್ ಓರಿ ಥರ ಟ್ರಾಂಬೋನ್ ನುಡಿಸೋಕೆ ಸ್ಲೈಡ್ (ಹಿಂದೆ ಮುಂದೆ ಎಳೆಯೋ ಕೊಳವೆ) ಜಾರಿಸೋದನ್ನ ಎಷ್ಟು ಪ್ರಾಕ್ಟೀಸ್ ಮಾಡ್ಬೇಕು? ಇಲ್ಲಾ ಜೆ.ಜೆ. ಜಾನ್ಸನ್‌ ಕಡೆ ಹೋಗ್ಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ಚರ್ಚ್ ಹಬ್ಬ, ಮದುವೆ ಅಂತ ಬ್ಯಾಂಡ್‌ ಜೊತೆ ಊದ್ಕೊಂಡಿದ್ದವ್ನು ಒಂದಿನ ಫೋನಲ್ಲಿ ಹಳೇ ಜಾಝ್ ಟ್ರಾಂಬೋನಿನವನು ಓರಿನ ಕೇಳ್ಬಿಟ್ಟು ತಲೆ ಕೆಡಿಸ್ಕೊಂಡೆ ಅಂದ್ರಲ್ಲ, ನಾನೂ ಅದೇ ಗಿರಾಕಿ. ಜಾರಿಸೋದನ್ನ ಪ್ರಾಕ್ಟೀಸ್ ಮಾಡ್ಲೇಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ.

ಬೆಂಗಳೂರಲ್ಲಿ ನಾವೊಂದಿಷ್ಟು ಜನ ಸೇರಿ ಹಳೇ ನ್ಯೂ ಆರ್ಲಿಯನ್ಸ್ ಸ್ಟೈಲ್ ಗುಂಪು ಕಟ್ಟಿದ್ವಿ, ಟ್ರಂಪೆಟ್, ಕ್ಲಾರಿನೆಟ್, ಗಿಟಾರ್, ನಾನು. ನನಗೆ ಗೊತ್ತಿದ್ದಿದ್ದು ಆ ಟೇಲ್‌ಗೇಟ್ ಕಥೆ ಒಂದೇ, ಎಲ್ಲರೂ ಹೇಳೋದು: ಆಗೆಲ್ಲ ಡ್ಯಾನ್ಸ್‌ ಪ್ರೋಗ್ರಾಮಿಗೆ ಪ್ರಚಾರ ಮಾಡೋಕೆ ಬ್ಯಾಂಡನ್ನ ಕುದುರೆ ಗಾಡೀಲಿ ಕೂರಿಸ್ಕೊಂಡು ಬೀದಿ ಸುತ್ತಿಸ್ತಿದ್ರು, ಸ್ಲೈಡು ಯಾರ ಬೆನ್ನಿಗೂ ತಾಗಬಾರ್ದು ಅಂತ ಟ್ರಾಂಬೋನಿನವನು ಹಿಂದಿನ ಬಾಗಿಲ, ಅಂದ್ರೆ ಟೇಲ್‌ಗೇಟ್ ಹತ್ರ ಕೂರ್ತಿದ್ದ. ಸರಿ, ಜಾಗ ಸಿಕ್ತಲ್ಲ, ಎಳೀತಿದ್ದ ಅಂತ ನಾನು ಅರ್ಥ ಮಾಡ್ಕೊಂಡು ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಓರಿಯ ರೆಕಾರ್ಡ್ 'ಮಸ್ಕ್ರ್ಯಾಟ್ ರ್‍ಯಾಂಬಲ್' ಜೊತೆ ಬರೀ ಜಾರಿಸಿದ್ದೇ ಜಾರಿಸಿದ್ದು.

ಎಡವಟ್ಟಾಗಿದ್ದು ಇಲ್ಲಿ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ ಯಾಕಂದ್ರೆ ನನಗೆ ಯಾರೂ ಹೇಳ್ಲಿಲ್ಲ. ಸ್ಲೈಡಿಗೆ ಏಳು ಪೊಸಿಷನ್, ಅಂದ್ರೆ ನಿಲ್ಲಿಸೋ ಜಾಗ; ಒಂದನೇದು ಹತ್ರ, ಏಳನೇದು ಪೂರ್ತಿ ಆಚೆ. ತುಟಿ ಬದಲಾಯಿಸ್ದೆ ಒಂದೇ ಹಾರ್ಮೋನಿಕ್ (ತುಟಿಯ ಬಿಗಿಯಿಂದ ಸಿಗೋ ಸ್ವರದ ಮೆಟ್ಟಿಲು) ಹಿಡ್ಕೊಂಡು ಏಳನೇದ್ರಿಂದ ಒಂದನೇದಕ್ಕೆ ಎಳೆದ್ರೂ ಸಿಗೋದು ಆರು ಸೆಮಿಟೋನ್ (ಅರ್ಧ ಸ್ವರ), ಅಷ್ಟೇ. ಎಫ್ ಸ್ವರದಿಂದ ಅದರ ಮೇಲಿನ ಬಿ ಫ್ಲ್ಯಾಟ್‌ಗೆ ಆರನೇ ಪೊಸಿಷನ್‌ನಿಂದ ಒಂದಕ್ಕೆ ಬೆಣ್ಣೆ ಥರ ಬರುತ್ತೆ. ಅದೇ ಕೆಳಗಿನ ಬಿ ಫ್ಲ್ಯಾಟ್‌ನಿಂದ ಆ ಎಫ್‌ಗೆ ಹೋಗಿ ನೋಡಿ, ಆಗಲ್ಲ, ಮಧ್ಯದಲ್ಲಿ ತಟ್ ಅಂತ ಮುರಿಯುತ್ತೆ. ಅಂದ್ರೆ ಮೇಲಕ್ಕೆ ಜಾರ್ಬೇಕು ಅಂದ್ರೆ ಸ್ಲೈಡು ಮೊದಲೇ ಆಚೆ ಹೋಗಿ ಕಾಯ್ತಿರ್ಬೇಕು. ಕಾಯ್ಬೇಕು ಅಂದ್ರೆ ಅದಕ್ಕೆ ಮುಂಚೆ ನೀವು ಸುಮ್ನಿರ್ಬೇಕು. ಓರಿ ಮಾಡ್ತಿದ್ದಿದ್ದು ಇದೇ. ಆ ರೆಕಾರ್ಡಲ್ಲಿ ಕಾರ್ನೆಟ್ (ಟ್ರಂಪೆಟ್ ಥರದ್ದು) ನುಡಿಸೋ ಲೂಯಿ ಆರ್ಮ್‌ಸ್ಟ್ರಾಂಗ್ ಒಂದು ಸಾಲು ಮುಗಿಸಿ ಉಸಿರು ತಗೊಳ್ತಾನೆ, ಆ ಸಂದೀಲಿ ಇವನು ಕೆಳಗಿಂದ ಎಳ್ಕೊಂಡು ಬಂದು ಮುಂದಿನ ಕಾರ್ಡಿನ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪಿನ) ಮೊದಲ ಬೀಟ್ ಮೇಲೆ ಇಳೀತಾನೆ. ನಾನೋ, ಒಂದ್ನಿಮಿಷ ಸುಮ್ನಿರೋನಲ್ಲ, ಸ್ಲೈಡು ಎಲ್ಲಿರುತ್ತೋ ಅಲ್ಲಿಂದ ಶುರು, ಅದು ಸಾಲದೆ ಬಂದಾಗ ತುಟೀಲಿ ತೇಪೆ, ಅಷ್ಟೊತ್ತಿಗೆ ಅರ್ಧ ಬೀಟ್ ಲೇಟು, ಪ್ರತೀ ಸಲ ಟ್ರಂಪೆಟ್‌ನವರ ಹೊಸ ಸಾಲಿನ ತಲೆ ಮೇಲೇ ಬೀಳ್ತಿದ್ದೆ. ಜನ ಚಪ್ಪಾಳೆ ಹೊಡೀತಿದ್ರು ಬೇರೆ, ಸೌಂಡ್ ಮಜವಾಗಿರುತ್ತಲ್ಲ. ನ್ಯೂ ಇಯರ್ ಪ್ರೋಗ್ರಾಮ್ ಬಂದಾಗ ನನ್ನ ಬದ್ಲು ಒಬ್ಬ ಸ್ಯಾಕ್ಸೋಫೋನ್‌ನವ್ರನ್ನ ಕರ್ಕೊಂಡ್ರು, ನನಗೆ ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾಯ್ತು.

ಆಮೇಲೆ ಸಿಟ್ಟಲ್ಲಿ ಓರಿ ಬಗ್ಗೆ ಓದಿದೆ. 1886ರ ಕ್ರಿಸ್‌ಮಸ್ ದಿನ ಲೂಸಿಯಾನಾದ ಲಾಪ್ಲಾಸ್ ಹತ್ರ ಒಂದು ಕಬ್ಬಿನ ತೋಟದಲ್ಲಿ ಹುಟ್ಟಿದವನು, ಮೊದಲು ನುಡಿಸಿದ್ದು ಸಿಗಾರ್ ಡಬ್ಬೀಲಿ ತಾನೇ ಮಾಡ್ಕೊಂಡ ಬ್ಯಾಂಜೋ. ನ್ಯೂ ಆರ್ಲಿಯನ್ಸ್‌ನಲ್ಲಿ ಸ್ವಂತ ಬ್ಯಾಂಡ್. 1918ರಲ್ಲಿ ಕಾರ್ನೆಟ್‌ನ ಕಿಂಗ್ ಆಲಿವರ್ ಶಿಕಾಗೋಗೆ ಹೋದಾಗ ಆ ಜಾಗಕ್ಕೆ ಇವನು ತಗೊಂಡಿದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನೋ ಹುಡುಗನ್ನ. 1922ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡ್ ಮಾಡಿದ್ದು ಬೇರೆ, ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ಜಾಝ್ ಬ್ಯಾಂಡಿನ ಮೊದಲ ರೆಕಾರ್ಡುಗಳು ಅಂತ ಹೆಸರಾದವು. ಇಂಥವನು 1926ರ ಫೆಬ್ರವರೀಲಿ ಶಿಕಾಗೋದಲ್ಲಿ 'ಮಸ್ಕ್ರ್ಯಾಟ್ ರ್‍ಯಾಂಬಲ್' ರೆಕಾರ್ಡಿಂಗಿಗೆ ಕೂತಾಗ ಅವನಿಗೆ 39, ಆರ್ಮ್‌ಸ್ಟ್ರಾಂಗ್‌ಗೆ 24. ಗುಂಪಿನ ಯಜಮಾನ ಈಗ ಆ ಹುಡುಗ! ಅವನ ಗುಂಪು ಹಾಟ್ ಫೈವ್‌ನಲ್ಲಿ ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಪಿಯಾನೋ ಬ್ಯಾಂಜೋ ಬಿಟ್ರೆ ಕೆಳಗಡೆ ಹಿಡಿಯೋಕೆ ಇರೋದು ಓರಿಯ ಟ್ರಾಂಬೋನ್. ಕೇಳಿ ನೋಡಿ, ಒರಟು ಸೌಂಡು, ದಪ್ಪ ದಪ್ಪ ಸ್ವರ, ಹೆಚ್ಚೇನೂ ಕಸರತ್ತಿಲ್ಲ, ಆದ್ರೆ ಅದನ್ನ ತೆಗೆದ್ರೆ ಮೇಲಿನ ಕಾರ್ನೆಟ್, ಕ್ಲಾರಿನೆಟ್ ಎರಡೂ ಗಾಳೀಲಿ ತೇಲ್ತವೆ. ಹಳೇ ಕೆಲಸಗಾರನ ಹಿಂದೆ ಕೂತು ಅಷ್ಟು ನಿರಾಳವಾಗಿ ಊದೋಕೆ ನನ್ನಿಂದಂತೂ ಆಗಲ್ಲ. (1930ರ ದಶಕದಲ್ಲಿ ಕೆಲಸ ಇಲ್ದೆ ಸಂಗೀತ ಬಿಟ್ಟು ಸಹೋದರನ ಜೊತೆ ಕೋಳಿ ಸಾಕಿದ್ದ, 1944ರಲ್ಲಿ ಸಿನಿಮಾ ನಿರ್ದೇಶಕ ಆರ್ಸನ್ ವೆಲ್ಸ್‌ನ ರೇಡಿಯೋ ಪ್ರೋಗ್ರಾಮಿಂದ ಮತ್ತೆ ಹೆಸರಿಗೆ ಬಂದ. ನ್ಯೂ ಇಯರ್ ಪ್ರೋಗ್ರಾಮ್ ತಪ್ಪಿದ್ದಕ್ಕೆ ಅತ್ತಿದ್ದು ನೆನೆಸ್ಕೊಂಡು ನಾಚಿಕೆ ಆಯ್ತು.)

ಜೆ.ಜೆ. ಜಾನ್ಸನ್ ಇಲ್ಲಾ ಓರಿ ಅಂತ ಕೇಳಿದ್ರಿ. ಅದು ಆಯ್ಕೆನೇ ಅಲ್ಲ ರೀ, ಜಾನ್ಸನ್ನೂ ಟ್ರಾಂಬೋನಿನವನೇ, ಆದ್ರೆ ಬೀಬಾಪ್ ಅನ್ನೋ ವೇಗದ ಜಾಝ್‌ನವನು, ಸ್ಪೀಡು, ಒಂದೊಂದು ಸ್ವರಾನೂ ಕತ್ತರಿಸಿಟ್ಟ ಹಾಗೆ, ಒಬ್ರೇ ಕೂತು ಕಲೀಬಹುದು. ಓರಿಯನ್ನ ಒಬ್ರೇ ಕೂತು ಕಲಿಯೋಕೆ ಆಗಲ್ಲ, ನಿಮ್ಮೂರ ಬ್ಯಾಂಡಿನ ಟ್ರಂಪೆಟ್‌ನವ್ರನ್ನ ಹಿಡ್ಕೊಂಡು ಬನ್ನಿ. ಅವ್ರು ಮೆಲಡಿ ನುಡಿಸ್ಲಿ, ನೀವು ಸ್ಲೈಡ್ ಜಾರಿಸ್ದೆ ಕಾರ್ಡಿನ ಕೆಳಗಿನ ಸ್ವರ ಮಾತ್ರ, ಅದೂ ಅವ್ರು ಉಸಿರು ತಗೊಂಡಾಗ. ಅವ್ರು ಎಲ್ಲಿ ಉಸಿರು ತಗೊಳ್ತಾರೆ ಅಂತ ನೋಡ್ದೇನೇ ಗೊತ್ತಾಗೋವರೆಗೂ ಇಷ್ಟೇ ಮಾಡಿ.

ಸ್ಲೈಡ್ ಆಯಿಲ್ ಯಾವ ಬ್ರ್ಯಾಂಡ್ ಅಂತಾನೂ ಕೇಳಿದ್ರಿ, ಯಾವ್ದಾದ್ರೂ ನಡೆಯುತ್ತೆ.