ಶಾಸಕರಿರುವಾಗ ಜಿಲ್ಲಾ ಪಂಚಾಯಿತಿ ಏಕೆ ಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಕರ್ನಾಟಕದ ಜಿಲ್ಲಾ ಪಂಚಾಯಿತಿಯಲ್ಲಿ ಯಾರೆಲ್ಲ ಇರುತ್ತಾರೆ? ಊರಿಗೆ ಗ್ರಾಮ ಪಂಚಾಯಿತಿ, ಮೇಲೆ ಶಾಸಕರು ಇರುವಾಗ ನಡುವೆ ಇದೊಂದು ಏಕೆ? ಇಂಥದೊಂದು ಕಚೇರಿಯಲ್ಲಿ ಹಲವು ವರ್ಷ ಸಾಮಾನ್ಯ ಸಭೆಯ ನಡಾವಳಿ ಬರೆದವನು ನಾನು. ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ.

ಸುಮಾರು 40,000 ಗ್ರಾಮೀಣ ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಹಳ್ಳಿಯ ಮತದಾರರು ನೇರವಾಗಿ ಆರಿಸುತ್ತಾರೆ. ಕೊಡಗಿನಂಥ ಜಿಲ್ಲೆಗಳಿಗೆ ಈ ಅಳತೆ ಇನ್ನೂ ಕಡಿಮೆ. ನಗರಸಭೆ, ಪುರಸಭೆ ವ್ಯಾಪ್ತಿಯವರಿಗೆ ಇದರಲ್ಲಿ ಮತವಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ ಮೀಸಲು. ಜಿಲ್ಲೆಯ ಶಾಸಕರು, ಸಂಸದರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಕೂಡ ಸದಸ್ಯರೇ. ಆದರೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಜನರಿಂದ ನೇರವಾಗಿ ಆರಿಸಿಬಂದ ಸದಸ್ಯರು ಮಾತ್ರ ತಮ್ಮೊಳಗಿನಿಂದ ಆರಿಸಿಕೊಳ್ಳಬೇಕು. ಆಡಳಿತದ ಚುಕ್ಕಾಣಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದು, ಅಂದರೆ ಸಿಇಒ ಅವರದು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಕುಡಿಯುವ ನೀರು, ಕೃಷಿ, ಪಶುಪಾಲನೆ, ವಿದ್ಯಾರ್ಥಿ ನಿಲಯ ಎಲ್ಲವೂ ಜಿಲ್ಲಾ ಪಂಚಾಯಿತಿಯ ಕೆಳಗೇ ಬರುತ್ತವೆ. ಬಂದ ಹಣದಲ್ಲಿ ದೊಡ್ಡ ಪಾಲು ನೌಕರರ ಸಂಬಳಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಯಾವ ಊರಿಗೆ ಏನು ಎಂಬ ಕ್ರಿಯಾ ಯೋಜನೆ ಸಭೆಯ ಮುಂದೆ ಬರುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಒಂದು ಸಭೆಯಲ್ಲಿ ಶಾಲಾ ಕೊಠಡಿಗಳ ದುರಸ್ತಿಯ ವರದಿ ಬಂದಿತ್ತು. ಒಂದು ಊರಿನ ಎದುರು ‘ಪೂರ್ಣಗೊಂಡಿದೆ’ ಎಂದು ಅಚ್ಚಾಗಿತ್ತು. ಮೊದಲ ಸಲ ಗೆದ್ದು ಬಂದಿದ್ದ ಸದಸ್ಯೆಯೊಬ್ಬರು ಎದ್ದು ನಿಂತರು. ಅಲ್ಲಿಯವರೆಗೆ ಅವರು ಸಭೆಯಲ್ಲಿ ಬಾಯಿ ಬಿಟ್ಟಿದ್ದೇ ಇಲ್ಲ. ಪುಟ್ಟ ಡೈರಿ ತೆಗೆದು, ‘ನಾಲ್ಕು, ಐದನೆಯ ತರಗತಿಯ ಮಕ್ಕಳು ಬಿಸಿಯೂಟದ ಅಡುಗೆ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದಿದ್ದಾರೆ. ನಾನು ಸೋಮವಾರ ಹೋಗಿ ನೋಡಿ ಬಂದಿದ್ದೇನೆ. ಮಾಡಿಗೆ ಶೀಟು ಹೊದಿಸಿಲ್ಲ’ ಎಂದು ಓದಿದರು. ಎಂಜಿನಿಯರ್ ಕಡತದ ಹಾಳೆ ಮಗುಚಿದರು, ಮತ್ತೆ ಮಗುಚಿದರು. ಅಧ್ಯಕ್ಷರು ನನ್ನ ಕಡೆ ನೋಡಿ ‘ಬರೆದುಕೊಳ್ಳಿ’ ಎಂದರು. ‘ಪೂರ್ಣಗೊಂಡಿದೆ’ ಎಂಬುದು ನಡಾವಳಿಯಲ್ಲಿ ‘ಅಪೂರ್ಣ’ ಆಯಿತು. ಹಾಗೆ ದಾಖಲಾದ ಮೇಲೆ ಅಧಿಕಾರಿಗಳು ಮುಂದಿನ ಸಭೆಗೆ ಅನುಪಾಲನಾ ವರದಿ, ಅಂದರೆ ಏನು ಕ್ರಮ ಕೈಗೊಂಡೆವೆಂಬ ವರದಿ, ಕೊಡಲೇಬೇಕು. ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂಬುದು ಕಾಯ್ದೆ. ಮುಂದಿನ ಸಭೆ ಬರುವಷ್ಟರಲ್ಲಿ ಆ ಕೊಠಡಿಗೆ ಶೀಟು ಬಿದ್ದಿತ್ತು.

ಶಾಸಕರು ಇದನ್ನು ಮಾಡಬಾರದೆಂದಿಲ್ಲ, ಮಾಡುವವರೂ ಇದ್ದಾರೆ. ಆದರೆ ಅವರ ಕ್ಷೇತ್ರ ದೊಡ್ಡದು, ಅಧಿವೇಶನ ಬೆಂಗಳೂರಿನಲ್ಲಿ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಜಿಲ್ಲಾ ಮಟ್ಟದ ಎಂಜಿನಿಯರನ್ನು ಎದುರು ನಿಲ್ಲಿಸಿ ಕೇಳುವ ವೇದಿಕೆ ಇಲ್ಲ. ಜಿಲ್ಲಾ ಪಂಚಾಯಿತಿಗೆ ಸೇರಿದ ಇಲಾಖೆಗಳ ಅಧಿಕಾರಿಗಳು ಒಂದೇ ಸಭಾಂಗಣದಲ್ಲಿ ಕೂತು, ಹಳ್ಳಿಯಿಂದ ಬಸ್ಸು ಹತ್ತಿ ಬಂದವರಿಗೆ ಉತ್ತರ ಕೊಡುವುದು ಈ ಸಭೆಯಲ್ಲಿ.

ಇದು ತಾನಾಗಿ ಬಂದದ್ದಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ಜಿಲ್ಲಾ ಪರಿಷತ್ತುಗಳನ್ನು, ಅಂದರೆ ಈಗಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪವನ್ನು, ತಂದರು. 1987ರಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಮಹಿಳೆಯರಿಗೆ ಆಗಲೇ ಶೇ 25ರಷ್ಟು ಮೀಸಲಾತಿಯಿತ್ತು. ದೇಶಕ್ಕೆಲ್ಲ ಈ ವ್ಯವಸ್ಥೆ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ.

ಅದಕ್ಕೇ ಈಗಿನ ಸ್ಥಿತಿ ನನಗೆ ನೋವು ಕೊಡುತ್ತದೆ. 2016ರ ಫೆಬ್ರುವರಿಯಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತಾ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ ಹೀಗಾಯಿತು. ಸದಸ್ಯರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ಅವರು ಎಷ್ಟೇ ದಕ್ಷರಾಗಿರಲಿ, ಸೋಮವಾರ ಅಡುಗೆ ಕೋಣೆಗೆ ಇಣುಕಿ ಬಂದವರು ಎದುರಿಗೆ ಇಲ್ಲದಿದ್ದರೆ ವರದಿಯಲ್ಲಿ ಇರುವುದೇ ನಿಜವಾಗಿ ಉಳಿಯುತ್ತದೆ.

ನಿಮ್ಮ ಊರಿನ ಕೆಲಸವೊಂದು ಕಾಗದದಲ್ಲಿ ಮಾತ್ರ ಮುಗಿದಿದೆ ಎಂಬ ಅನುಮಾನವಿದ್ದರೆ, ಆ ವರ್ಷದ ಕ್ರಿಯಾ ಯೋಜನೆ ಮತ್ತು ಅನುಪಾಲನಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಜಿಲ್ಲಾ ಪಂಚಾಯಿತಿ ಕಚೇರಿಯಲ್ಲೇ ಕೇಳಿ. ಕಾಮಗಾರಿಯ ಹೆಸರು, ಊರು, ವರ್ಷ ಮೂರನ್ನೂ ಅರ್ಜಿಯಲ್ಲಿ ಬರೆಯಿರಿ.